ನಿಮಗಿದು ಗೊತ್ತೇ? ಹಲ್ಲಿನ ಲೆಕ್ಕಕ್ಕೆ ಕುಣಿಯುವ ಕಾರು!

ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಿ ವೀಲ್ ನಟ್ಟು ಬಿಗಿಯುತ್ತೀರಲ್ಲ, ಆಗ ನಿಮ್ಮ ಕೈ ಹಾಕುವ ತಿರುಗಿಸುವ ಬಲ ಎಷ್ಟು ಗೊತ್ತೇ? ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್. ಈಗ ಇದನ್ನು ಕೇಳಿ. ನಮ್ಮ ಹಳೆಯ ಮಾರುತಿ 800ರ ಎಂಜಿನ್ ಕೊಡುತ್ತಿದ್ದದ್ದು ಬರೀ 60ರ ಆಸುಪಾಸು! ಸ್ಪ್ಯಾನರ್ ಹಿಡಿದು ಕೂತ ನೀವು ಆ ಎಂಜಿನ್‌ಗಿಂತ ಗಟ್ಟಿ!

ಹಾಗಾದರೆ ಅಷ್ಟು ಪುಟ್ಟ ಎಂಜಿನ್ ಮನೆಮಂದಿಯನ್ನೆಲ್ಲ ಹೊತ್ತು ನಂದಿ ಬೆಟ್ಟ ಹತ್ತಿದ್ದು ಹೇಗೆ? ಎಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ನಿಮ್ಮ ಕೈಗೆ ಅದು ಆಗದ ಮಾತು. ಆ ಸುತ್ತುಗಳನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುವ ವ್ಯಾಪಾರವೇ ಗೇರ್‌ಬಾಕ್ಸ್!

ಲೆಕ್ಕ ತೀರಾ ಸರಳ. ಹತ್ತು ಹಲ್ಲಿನ ಗೇರು ಮೂವತ್ತೈದು ಹಲ್ಲಿನ ಗೇರನ್ನು ತಿರುಗಿಸಲಿ. ಚಿಕ್ಕದು ಮೂರೂವರೆ ಸುತ್ತು ಬಂದಾಗ ದೊಡ್ಡದು ಒಂದೇ ಸುತ್ತು ಬಂದಿರುತ್ತದೆ. ವೇಗ ಮೂರೂವರೆ ಪಟ್ಟು ಇಳಿಯಿತು, ಬಲ ಮೂರೂವರೆ ಪಟ್ಟು ಏರಿತು. ಇದೇ ಗೇರ್ ರೇಶಿಯೋ. ಮೂರನೇ ಕ್ಲಾಸಿನ ಭಾಗಾಕಾರ, ಅಷ್ಟೇ!

ಗೇರ್‌ಬಾಕ್ಸ್ ದಾಟಿದ ಮೇಲೂ ಚಕ್ರ ಮುಟ್ಟುವ ಮುಂಚೆ ಇನ್ನೊಂದು ಜೋಡಿ ಹಲ್ಲುಗಳಿವೆ. ಪುಸ್ತಕದಲ್ಲಿ ಅದು ಫೈನಲ್ ಡ್ರೈವ್. ಲಾರಿ, ಜೀಪುಗಳ ಗ್ಯಾರೇಜಿನಲ್ಲಿ ಕೇಳಿದರೆ ‘ಕ್ರೌನ್ ಪಿನಿಯನ್’ ಅನ್ನುತ್ತಾರೆ. ಅಲ್ಲಿ ಮತ್ತೆ ನಾಲ್ಕು ಪಟ್ಟು ಅಂದುಕೊಳ್ಳಿ. ಮೂರೂವರೆಯನ್ನು ನಾಲ್ಕರಿಂದ ಗುಣಿಸಿ. ಹದಿನಾಲ್ಕು! ಎಂಜಿನ್ 100 ನ್ಯೂಟನ್ ಮೀಟರ್ ಕೊಟ್ಟರೆ ಚಕ್ರಕ್ಕೆ ಸಿಗುವುದು ಹತ್ತಿರ ಹತ್ತಿರ 1,400!

ಆದರೆ ಬೆಲೆ ತೆರಬೇಕು. ಅದೇ ಕಾರಿನ ಟೈರು ಒಂದು ಸುತ್ತಿಗೆ 1.8 ಮೀಟರ್ ಉರುಳುತ್ತದೆ ಎನ್ನೋಣ. ಫಸ್ಟ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೂ ಕಾರಿನ ವೇಗ ಗಂಟೆಗೆ ಬರೀ 23 ಕಿ.ಮೀ. ಸೈಕಲ್ಲಿನ ಹುಡುಗ ಟಾಟಾ ಮಾಡಿ ಮುಂದೆ ಹೋಗಬಹುದು!

ಈಗ ಐದನೇ ಗೇರು ಹಾಕಿ. ರೇಶಿಯೋ 0.8. ಎಂಜಿನ್ ಅದೇ 3,000. ಆಕ್ಸಲರೇಟರ್ ಮೇಲಿನ ಕಾಲು ನಿಮ್ಮದೇ. ಕಾರಿನ ವೇಗ ಮಾತ್ರ 101 ಕಿ.ಮೀ! ಟ್ಯಾಕೋಮೀಟರಿನ ಮುಳ್ಳು ಕೂದಲೆಳೆಯಷ್ಟೂ ಕದಲಿಲ್ಲ, ಹೊರಗಿನ ಮರಗಳು ಮಾತ್ರ ನಾಲ್ಕು ಪಟ್ಟು ಜೋರಾಗಿ ಹಿಂದೆ ಸರಿಯುತ್ತಿವೆ!

ಅದೇ 100 ಕಿ.ಮೀ. ವೇಗದಲ್ಲಿ ಫಸ್ಟ್ ಗೇರು ಬಿದ್ದರೆ? ಎಂಜಿನ್ ನಿಮಿಷಕ್ಕೆ 13,000 ಸುತ್ತು ತಿರುಗಲೇಬೇಕು! ಸಾಮಾನ್ಯ ಕಾರಿನ ಎಂಜಿನ್ ಅದರ ಅರ್ಧದಲ್ಲೇ ಸುಸ್ತು. ‘ಅತಿ ವೇಗ ತಡೆಯಲು ಲಿಮಿಟರ್ ಇದೆಯಲ್ಲ’ ಅಂತೀರಾ? ಲಿಮಿಟರ್ ಪೆಟ್ರೋಲನ್ನೋ ಕಿಡಿಯನ್ನೋ ನಿಲ್ಲಿಸೀತು. ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಪೆಟ್ರೋಲಲ್ಲ, ಉರುಳುತ್ತಿರುವ ಚಕ್ರ! ಲಿಮಿಟರ್ ಕೈಕಟ್ಟಿ ನೋಡುತ್ತಿರುತ್ತದೆ, ವಾಲ್ವುಗಳು ಪುಡಿಯಾಗುತ್ತವೆ!

ಎಂಜಿನ್ ಮುಟ್ಟದೆ ಕಾರಿನ ಸ್ವಭಾವವನ್ನೇ ಬದಲಿಸಬಹುದು ಗೊತ್ತೇ? ಫೈನಲ್ ಡ್ರೈವನ್ನು 4ರಿಂದ 4.4ಕ್ಕೆ ಏರಿಸಿ ಸಾಕು. ಎಲ್ಲ ಗೇರಿನಲ್ಲೂ ಎಳೆತ ನೂರಕ್ಕೆ ಹತ್ತರಷ್ಟು ಹೆಚ್ಚು. ‘ಭಾರೀ ಪಿಕಪ್’ ಎನ್ನುತ್ತಾರೆ ಓಡಿಸಿದವರು. ಆದರೆ ಹೈವೇಯಲ್ಲಿ 3,000 ಸುತ್ತಿನಲ್ಲಿ ತಣ್ಣಗಿದ್ದ ಎಂಜಿನ್ ಈಗ 3,300ರಲ್ಲಿ ಕಿರುಚುತ್ತದೆ. ಮೈಲೇಜೂ ಇಳಿಯುತ್ತದೆ. ಹಲ್ಲುಗಳು ಪುಕ್ಕಟೆ ಏನನ್ನೂ ಕೊಡುವುದಿಲ್ಲ!

ಇನ್ನೂ ಮಜಾ ಏನೆಂದರೆ, ಸ್ಪ್ಯಾನರ್ ಹಿಡಿಯದೆ ನೀವೇ ರೇಶಿಯೋ ಬದಲಿಸಿರಬಹುದು! ‘ಲುಕ್ ಚೆನ್ನಾಗಿರುತ್ತೆ’ ಅಂತ ದೊಡ್ಡ ಟೈರು ಹಾಕಿಸಿದಿರಾ? ಟೈರಿನ ಎತ್ತರ ನೂರಕ್ಕೆ ಐದರಷ್ಟು ಹೆಚ್ಚಿದರೆ ಪ್ರತಿ ಗೇರೂ ಅಷ್ಟರಮಟ್ಟಿಗೆ ಉದ್ದವಾಯಿತು, ಎಳೆತ ತಗ್ಗಿತು. ಸ್ಪೀಡೋಮೀಟರಿಗೂ ಸುದ್ದಿ ತಿಳಿಯುವುದಿಲ್ಲ. ಅದು 60 ಎಂದು ಹೇಳುತ್ತಿದ್ದ ಜಾಗದಲ್ಲಿ ಕಾರು ಮೂರು ಕಿ.ಮೀ. ಹೆಚ್ಚಿಗೆ ಓಡುತ್ತಿರುತ್ತದೆ!

ಕ್ರೌನ್ ಪಿನಿಯನ್ ಹಲ್ಲುಗಳನ್ನು ಎಂದಾದರೂ ಎಣಿಸಿದ್ದೀರಾ? 40 ಮತ್ತು 10 ಎಂಬ ಚೊಕ್ಕ ಲೆಕ್ಕ ಸಿಗುವುದು ಅಪರೂಪ. 41 ಮತ್ತು 11, 43 ಮತ್ತು 10 ಇಂಥ ಅಡ್ಡಾದಿಡ್ಡಿ ಜೋಡಿಗಳೇ ಹೆಚ್ಚು. ಬೇಕೆಂದೇ ಹೀಗೆ! 40ಕ್ಕೆ 10 ಇದ್ದರೆ ಚಕ್ರದ ಪ್ರತಿ ಸುತ್ತಿಗೂ ಅದೇ ಹಲ್ಲಿಗೆ ಅದೇ ಹಲ್ಲು ಎದುರಾಗುತ್ತದೆ. ಒಂದರ ಊನ ಇನ್ನೊಂದನ್ನೇ ಕೆರೆದು ಕೆರೆದು ಹಾಳು ಮಾಡುತ್ತದೆ. 41ಕ್ಕೆ 11 ಇದ್ದರೆ? ಒಮ್ಮೆ ಭೇಟಿಯಾದ ಎರಡು ಹಲ್ಲುಗಳು ಮತ್ತೆ ಭೇಟಿಯಾಗುವ ಹೊತ್ತಿಗೆ ಪಿನಿಯನ್ 41 ಸುತ್ತು, ಕ್ರೌನ್ 11 ಸುತ್ತು ಬಂದಿರುತ್ತದೆ. ಎಲ್ಲ ಹಲ್ಲೂ ಎಲ್ಲ ಹಲ್ಲಿನ ಜೊತೆ ತಿಕ್ಕಾಡಿ ಸಮಸಮ ಸವೆಯುತ್ತವೆ. ಎಂಥ ಸಮಪಾಲು!

ಗೇರ್ ಲಿವರ್ ಎಳೆದಾಗ ಒಳಗೆ ಗೇರುಗಳು ಒಂದಕ್ಕೊಂದು ಬಂದು ಸೇರುತ್ತವೆ ಎಂದುಕೊಂಡಿದ್ದೀರಾ? ಇಲ್ಲ! ಇಂದಿನ ಕಾರಿನಲ್ಲಿ ಮುಂದಕ್ಕೆ ಹೋಗುವ ಎಲ್ಲ ಗೇರುಗಳ ಹಲ್ಲುಗಳೂ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಐದೂ ಜೋಡಿ ಒಟ್ಟಿಗೇ ತಿರುಗುತ್ತಿರುತ್ತವೆ. ನಿಮ್ಮ ಲಿವರ್ ಸರಿಸುವುದು ಮಧ್ಯದ ಒಂದು ಬಳೆಯನ್ನು ಮಾತ್ರ. ಆ ಬಳೆ ಯಾವ ಗೇರನ್ನು ಶಾಫ್ಟಿಗೆ ಬಿಗಿಯುತ್ತದೋ ಆ ಗೇರಿಗೆ ಆ ಹೊತ್ತಿನ ಕೆಲಸ. ಉಳಿದವು ಸುಮ್ಮನೆ ಸುತ್ತುತ್ತಿರುತ್ತವೆ!

ಆ ಬಳೆ ಸದ್ದಿಲ್ಲದೆ ಕೂರುವಂತೆ ಮಾಡಿದ್ದು ಸಿಂಕ್ರೋಮೆಶ್. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಅದನ್ನು ಕಾರಿಗೆ ತಂದಿತು. ಅದಕ್ಕೂ ಮುಂಚೆ? ಕ್ಲಚ್ ಒತ್ತು, ನ್ಯೂಟ್ರಲ್ ಮಾಡು, ಕ್ಲಚ್ ಬಿಡು, ಮತ್ತೆ ಒತ್ತು, ಗೇರು ಹಾಕು. ನಡುವೆ ಎಂಜಿನ್ನಿನ ವೇಗವನ್ನು ಕಿವಿಯಲ್ಲೇ ಅಳೆದು ಹೊಂದಿಸು. ನಮ್ಮ ಹಳೆಯ ಲಾರಿ ಡ್ರೈವರುಗಳು ಈ ‘ಡಬಲ್ ಕ್ಲಚ್’ ವಿದ್ಯೆಯನ್ನು ಉಸಿರಾಡಿದಷ್ಟು ಸಲೀಸಾಗಿ ಮಾಡುತ್ತಿದ್ದರು. ಹಳೆಯ ಅಂಬಾಸಿಡರ್‌ನ ಫಸ್ಟ್ ಗೇರಿಗೂ ಸಿಂಕ್ರೋಮೆಶ್ ಇರಲಿಲ್ಲ. ಕಾರು ಪೂರ್ತಿ ನಿಲ್ಲುವ ಮುಂಚೆ ಅವಸರಪಟ್ಟು ಹಾಕಿದರೆ ಕರ್ರ್ ಅಂತ ಬೈಗುಳ!

ಅಂಬಾಸಿಡರ್ ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಅದರ ಟಾಪ್ ಗೇರಿನಲ್ಲಿ ಯಾವ ಜೋಡಿ ಗೇರಿಗೂ ಭಾರ ಬೀಳುತ್ತಿರಲಿಲ್ಲ! ಒಳಬರುವ ಶಾಫ್ಟು, ಹೊರಹೋಗುವ ಶಾಫ್ಟು ಎರಡೂ ಬೆಸೆದುಕೊಂಡು ಒಂದೇ ಸಲಾಕೆಯ ಹಾಗೆ ತಿರುಗುತ್ತಿದ್ದವು. ರೇಶಿಯೋ ಒಂದಕ್ಕೊಂದು. ಗೇರ್ ಲಿವರೋ, ಸ್ಟೀರಿಂಗ್ ಪಕ್ಕದಲ್ಲಿ. ಹಾಗಾಗಿ ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಆರಾಮಾಗಿ. ನಾಲ್ಕನೆಯವರು ಕೂತಿದ್ದನ್ನೂ ನೀವು ನೋಡಿರುತ್ತೀರಿ!

ರಿವರ್ಸ್ ಹೋಗುವಾಗ ಕಾರು ಯಾಕೆ ‘ಊಂ’ ಅಂತ ಅಳುತ್ತದೆ? ಮುಂದಿನ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕಡೆದಿರುತ್ತಾರೆ. ಒಂದು ಹಲ್ಲು ಬಿಡುವ ಮುಂಚೆಯೇ ಇನ್ನೊಂದು ಹಿಡಿದಿರುತ್ತದೆ, ಸದ್ದಿಲ್ಲ. ಬಹಳಷ್ಟು ಕಾರುಗಳ ರಿವರ್ಸ್ ಗೇರಿನ ಹಲ್ಲು ಮಾತ್ರ ನೆಟ್ಟಗೆ. ತಪ್ಪಕ್ ತಪ್ಪಕ್ ಎಂದು ಒಂದೊಂದೇ ಬಡಿಯುತ್ತವೆ. ಆ ಬಡಿತವೇ ವೇಗವಾಗಿ ಸೇರಿ ಅಳುವಾಗುತ್ತದೆ. ರೇಸ್ ಕಾರುಗಳು ಕಿವಿ ಕೊರೆಯುವುದಕ್ಕೂ ನೆಟ್ಟಗಿನ ಹಲ್ಲುಗಳೇ ಒಂದು ಕಾರಣ!

ಈ ರಿವರ್ಸ್ ಗೇರಿನದೇ ಒಂದು ಪುರಾಣ ಬರೆಯಬಹುದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದಕ್ಕೆ ಎರಡೇ ಗೇರು. ಅದೂ ಕೈಯಲ್ಲಲ್ಲ, ಕಾಲಲ್ಲಿ! ಎಡ ಪೆಡಲ್ ಪೂರ್ತಿ ಒತ್ತಿದರೆ ಲೋ, ಪೂರ್ತಿ ಬಿಟ್ಟರೆ ಟಾಪ್. ನಡುವಿನ ಪೆಡಲ್ ರಿವರ್ಸ್. ಬ್ರೇಕ್ ಬಲಗಡೆ. ಇಂದಿನ ಡ್ರೈವರನ್ನು ಅದರಲ್ಲಿ ಕೂರಿಸಿದರೆ ಕಾಂಪೌಂಡ್ ಗೋಡೆ ಉಳಿಯುವುದು ಕಷ್ಟ!

ಆ ಕಾರಿನ ಲೋ ಗೇರಿನ ರೇಶಿಯೋ 2.75. ರಿವರ್ಸಿನದು 4! ಅಂದರೆ ಮುಂದಕ್ಕಿಂತ ಹಿಂದಕ್ಕೇ ಬಲ ಜಾಸ್ತಿ. ಮೇಲಾಗಿ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ, ಪಂಪಿಲ್ಲ, ಇಳಿಜಾರಿಗೆ ತಾನಾಗಿ ಹರಿದು ಹೋಗಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್‌ಗೆ ಪೆಟ್ರೋಲೇ ಸೇರದು. ಜನ ಏನು ಮಾಡಿದರು? ಕಾರು ತಿರುಗಿಸಿ ಗುಡ್ಡವನ್ನು ಹಿಮ್ಮುಖವಾಗಿ ಹತ್ತಿದರು! ಒಂದೇ ಏಟಿಗೆ ಎರಡೂ ತೊಂದರೆ ಮಾಯ!

ನೆದರ್ಲೆಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ತೋರಿಸಿದ ಪುಟ್ಟ ಕಾರು ಇನ್ನೂ ವಿಚಿತ್ರ. ಅದರಲ್ಲಿ ಗೇರುಗಳ ಬದಲು ರಬ್ಬರ್ ಬೆಲ್ಟು, ಹಿಗ್ಗಿ ಕುಗ್ಗುವ ಪುಲ್ಲಿಗಳು. ಮುಂದಕ್ಕೋ ಹಿಂದಕ್ಕೋ ಎಂಬ ತೀರ್ಮಾನ ಬೆಲ್ಟಿಗಿಂತ ಮುಂಚೆಯೇ ಆಗಿಬಿಡುತ್ತಿತ್ತು. ಪರಿಣಾಮ? ಕಾರು ಮುಂದೆ ಎಷ್ಟು ವೇಗವೋ ಹಿಂದೆಯೂ ಅಷ್ಟೇ ವೇಗ! ಡಚ್ಚರು ಬಿಡುತ್ತಾರೆಯೇ? ಹಿಮ್ಮುಖ ಓಟದ ರೇಸುಗಳನ್ನೇ ನಡೆಸಿದರು!

ಎರಡನೇ ಮಹಾಯುದ್ಧದ ಬ್ರಿಟಿಷ್ ಡೈಮ್ಲರ್ ಡಿಂಗೋ ಗಸ್ತು ವಾಹನಕ್ಕೆ ಮುಂದಕ್ಕೆ ಐದು ಗೇರು, ಹಿಂದಕ್ಕೂ ಐದು. ಶತ್ರುವಿನ ಮುಖ ಕಂಡೊಡನೆ ತಿರುಗಿಸುತ್ತಾ ಕೂರುವ ಹಾಗಿಲ್ಲ. ಬಂದ ವೇಗದಲ್ಲೇ ವಾಪಸ್!

ನಮ್ಮ ಬೀದಿಯಲ್ಲೇ ಇಂಥದ್ದೊಂದು ಇದೆ, ನೀವು ದಿನಾ ಹತ್ತುತ್ತೀರಿ. ಆಟೋ! ಹಳೇ ಬಜಾಜ್ ಆಟೋದಲ್ಲಿ ನಾಲ್ಕು ಗೇರು ಹ್ಯಾಂಡಲಿನ ಹಿಡಿಯಲ್ಲಿ, ರಿವರ್ಸಿಗೆ ಮಾತ್ರ ಬೇರೆಯೇ ಲಿವರ್. ಮುಂದಿನ ಸಲ ಡ್ರೈವರ್ ಹಿಂದಕ್ಕೆ ತೆಗೆಯುವಾಗ ಆತನ ಕೈ ಎಲ್ಲಿ ಹೋಗುತ್ತದೆ ನೋಡಿ!

ಕಾರಿಗೆ ಲೋ ಗೇರು ಬೇಕೆಂದು ಮೊದಲು ಹಟ ಹಿಡಿದವರು ಯಾರು ಗೊತ್ತೇ? ಒಬ್ಬ ಗೃಹಿಣಿ! 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ತಮ್ಮ ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವರು ಕಟ್ಟಿದ ಮೂರು ಚಕ್ರದ ಕಾರನ್ನು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಓಡಿಸಿದರು. ನೂರಕ್ಕೂ ಹೆಚ್ಚು ಕಿ.ಮೀ. ತವರಿಗೆ ಹೋಗುವ ನೆಪ! ಪೆಟ್ರೋಲ್ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕು ಸವೆದಾಗ ದಾರಿಯಲ್ಲಿ ಚಮ್ಮಾರನಿಂದ ಚರ್ಮ ಹೊಡೆಸಿದರು. ಆದರೆ ಏರು ಬಂದಾಗ ಯಾವ ಉಪಾಯವೂ ನಡೆಯಲಿಲ್ಲ. ಮಕ್ಕಳು ಇಳಿದು ತಳ್ಳಿದರು. ಮನೆಗೆ ಬಂದವರೇ, ಏರು ಹತ್ತಲು ಇನ್ನೊಂದು ಗೇರು ಬೇಕು ಎಂದರು. ಕಾರ್ಲ್ ಬೆಂಜ್ ತೆಪ್ಪಗೆ ಹಾಕಿಕೊಟ್ಟರು!

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಹತ್ತುವಾಗಿನ ಗೇರಿನಲ್ಲೇ ಇಳಿ ಎನ್ನುತ್ತಾರೆ ಹಳೆಯ ಡ್ರೈವರುಗಳು. ಯಾಕೆ ಗೊತ್ತೇ? ಇಳಿಯುವಾಗ ಲೆಕ್ಕ ತಿರುಗುಮುರುಗು. ಈಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು. ಸೆಕೆಂಡ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಎಂಟು ಸುತ್ತು ಸುತ್ತಬೇಕು ಎಂದರೆ, ಕಾರಿನ ಓಟವೆಲ್ಲ ಅದನ್ನು ಸುತ್ತಿಸುವುದರಲ್ಲೇ ಖರ್ಚು. ಬ್ರೇಕಿನ ಮೇಲೆ ಕಾಲಿಡದೆಯೇ ಕಾರು ಹಿಡಿತದಲ್ಲಿರುತ್ತದೆ!

‘ನ್ಯೂಟ್ರಲ್ ಮಾಡಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತೆ’ ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರಿಗೆ ಇದನ್ನು ಓದಿ ಹೇಳಿ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಎಂಜಿನ್ ತಿರುಗುತ್ತಿರುತ್ತದೆ, ಒಂದು ಹನಿಯೂ ಉರಿಯುವುದಿಲ್ಲ! ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರಿಹೋಗದಂತೆ ಪೆಟ್ರೋಲ್ ಕುಡಿಸುತ್ತಲೇ ಇರಬೇಕು. ಉಳಿಸಲು ಹೋಗಿ ಸುಟ್ಟಂತಾಯಿತು! ಬ್ರೇಕು ಕಾದು ಕೈಕೊಡುವ ಅಪಾಯ ಬೇರೆ.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿದ್ದರೆ ಮೈಕೈ ನೋವಿನ ಜೊತೆ ಇನ್ನೊಂದೂ ನೆನಪಿರಬೇಕು. ಗೇರ್ ಲಿವರ್ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್. ಅದನ್ನು ಎಳೆದರೆ ಎಲ್ಲ ಗೇರುಗಳೂ ಒಮ್ಮೆಲೇ ಇನ್ನಷ್ಟು ಬಲವಾಗುತ್ತವೆ! ಇದು 1941ರ ವಿಲ್ಲೀಸ್ ಜೀಪಿನಿಂದ ಬಂದ ಬಳುವಳಿ. ಮಹೀಂದ್ರದವರು 1947ರಲ್ಲಿ ಭಾರತದಲ್ಲಿ ಜೋಡಿಸತೊಡಗಿದ್ದೂ ವಿಲ್ಲೀಸ್ ಜೀಪುಗಳನ್ನೇ. ಮೂಲ ಜೀಪಿನಲ್ಲಂತೂ ನೆಲದಿಂದ ಮೂರು ಲಿವರುಗಳು ಎದ್ದು ನಿಂತಿದ್ದವು. ಒಂದು ಗೇರಿಗೆ, ಒಂದು ಮುಂದಿನ ಚಕ್ರಗಳನ್ನು ಸೇರಿಸಲು, ಒಂದು ಲೋ ಮಾಡಲು.

ಆ ಲೋ ಲಿವರಿನ ರೇಶಿಯೋ 1.97. ಫಸ್ಟ್ ಗೇರಿನ 2.67, ಆಕ್ಸಲ್‌ನ 4.88 ಎಲ್ಲ ಗುಣಿಸಿ ನೋಡಿ. ಚಕ್ರದ ಒಂದು ಸುತ್ತಿಗೆ ಎಂಜಿನ್ 25ಕ್ಕೂ ಹೆಚ್ಚು ಸುತ್ತು! ಅಬ್ಬಾ ಅಂದಿರಾ? ತಾಳಿ. ಇಂದಿನ ಮ್ಯಾನ್ಯುಯಲ್ ಗೇರಿನ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಈ ಲೆಕ್ಕ 84 ದಾಟುತ್ತದೆ! ಆಕ್ಸಲರೇಟರ್ ಮುಟ್ಟದೆ, ಎಂಜಿನ್ ಸುಮ್ಮನೆ ಗುನುಗುತ್ತಿರುವಾಗಲೇ ಅದು ಬಂಡೆ ಹತ್ತುತ್ತದೆ. ವೇಗ ಗಂಟೆಗೆ ಒಂದೂವರೆ ಕಿ.ಮೀ. ಆಸುಪಾಸು. ಪಕ್ಕದಲ್ಲಿ ನಡೆಯುವವರು ನಿಂತು ನಿಂತು ಕಾಯಬೇಕು!

ಬಲದ ಮಾತಿಗೆ ಬಂದರೆ ವೋಲ್ವೋದ ಈ ಸಾಹಸಕ್ಕೆ ಸಾಟಿಯಿಲ್ಲ. 2016ರಲ್ಲಿ ಸ್ವೀಡನ್ನಿನಲ್ಲಿ ಒಂದೇ ಒಂದು ಎಫ್‌ಎಚ್16 ಲಾರಿಗೆ 750 ಟನ್ ಕಟ್ಟಿದರು. ಕಂಟೇನರ್ ತುಂಬಿದ ಟ್ರೇಲರುಗಳ ಸಾಲೇ 300 ಮೀಟರ್ ಉದ್ದ! ನಿಂತಲ್ಲಿಂದ ಎಳೆಯಿತು! ಗುಟ್ಟು ಏನು? ಮಾಮೂಲಿ ಗೇರುಗಳಿಗಿಂತ ಕೆಳಗೆ ಸೇರಿಸಿದ ‘ಕ್ರಾಲರ್’ ಗೇರುಗಳು. ಅವುಗಳಲ್ಲಿ ಲಾರಿ ಗಂಟೆಗೆ ಅರ್ಧ ಕಿ.ಮೀ. ವೇಗದಲ್ಲೂ ತೆವಳಬಲ್ಲದು. ಅಂದಹಾಗೆ, ವೋಲ್ವೋ ಲಾರಿಗಳ ಭಾರತದ ಕಾರ್ಖಾನೆ ಇರುವುದು ನಮ್ಮ ಹೊಸಕೋಟೆಯಲ್ಲಿ!

ಈಗ ಸ್ವಲ್ಪ ಎರಡು ಚಕ್ರಕ್ಕೆ ಇಳಿಯೋಣ. ಗೇರೇ ಇಲ್ಲ ಎಂದುಕೊಂಡು ಓಡಿಸುವ ನಿಮ್ಮ ಸ್ಕೂಟರಿನಲ್ಲಿ ಎಷ್ಟು ಗೇರುಗಳಿವೆ ಗೊತ್ತೇ? ಎಣಿಸಲಾಗದಷ್ಟು! ಎಡಗಡೆಯ ಮುಚ್ಚಳ ಬಿಚ್ಚಿದರೆ ಬೆಲ್ಟು, ಮುಂದಿನ ಪುಲ್ಲಿಯೊಳಗೆ ಪುಟ್ಟ ಪುಟ್ಟ ರೋಲರುಗಳು. ಎಂಜಿನ್ ವೇಗವಾದಂತೆ ರೋಲರುಗಳು ಹೊರಗೆ ಚಿಮ್ಮಿ ಪುಲ್ಲಿಯ ಎರಡು ಹೋಳುಗಳನ್ನು ಹತ್ತಿರ ಒತ್ತುತ್ತವೆ. ಬೆಲ್ಟು ಮೇಲೇರುತ್ತದೆ. ರೇಶಿಯೋ ನುಣುಪಾಗಿ ಬದಲಾಗುತ್ತಲೇ ಹೋಗುತ್ತದೆ. ಆ ರೋಲರುಗಳು ಸವೆದು ಚಪ್ಪಟೆಯಾದ ದಿನ ‘ಯಾಕೋ ಗಾಡಿ ಎಳೀತಾನೇ ಇಲ್ಲ’ ಅನ್ನುತ್ತೀರಿ!

1972ರಲ್ಲಿ ಬಂದ ಲೂನಾ ನೆನಪಿದೆಯೇ? 50 ಸಿಸಿ. ಗೇರು ಬದಲಿಸುವ ತಾಪತ್ರಯವೇ ಇಲ್ಲ. ಅದಕ್ಕೂ ಐದು ವರ್ಷ ಮುಂಚೆ, 1967ರಲ್ಲಿ, ಸುಜುಕಿ ಕಂಪನಿ ಅದೇ 50 ಸಿಸಿಯ ರೇಸ್ ಬೈಕು ಇಳಿಸಿತ್ತು. ಅದಕ್ಕೆ ಎಷ್ಟು ಗೇರು ಹೇಳಿ? ಹದಿನಾಲ್ಕು! ಎಂಜಿನ್ ನಿಮಿಷಕ್ಕೆ 17,000 ಸುತ್ತು ದಾಟುತ್ತಿತ್ತು. ಶಕ್ತಿ ಹುಟ್ಟುತ್ತಿದ್ದುದು ಆ ತುತ್ತತುದಿಯ ಕೂದಲೆಳೆ ಜಾಗದಲ್ಲಿ ಮಾತ್ರ. ಅಲ್ಲಿಂದ ಮುಳ್ಳು ಜಾರದಂತೆ ಸವಾರ ಗೇರು ಒದೆಯುತ್ತಲೇ ಇರಬೇಕು. ಕೊನೆಗೆ ರೇಸಿನವರೇ ಬೇಸತ್ತು 1969ರಿಂದ ಆರು ಗೇರು ಸಾಕು ಎಂದು ನಿಯಮ ಮಾಡಿದರು!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ಕರ್ ಒದ್ದು ಸ್ಟಾರ್ಟ್ ಮಾಡಿದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್! ಎರಡೂ ಒಂದೇ ಕಬ್ಬಿಣ! ಗೇರು ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುತ್ತಿತ್ತು. ರೇಶಿಯೋಗೆ ಇದರಿಂದ ಏನೂ ಆಗುವುದಿಲ್ಲ ನಿಜ. ಆದರೆ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಕಾರಿಗೇ ವಾಪಸ್ ಬರೋಣ. ಫಸ್ಟ್ ಆದಮೇಲೆ ಸೆಕೆಂಡು, ಅಲ್ಲವೇ? 1989ರ ಷೆವ್ರೊಲೆ ಕಾರ್ವೆಟ್ ಕೇಳುತ್ತಿರಲಿಲ್ಲ! ಆರು ಗೇರಿನ ಆ ಸ್ಪೋರ್ಟ್ಸ್ ಕಾರನ್ನು ಮೆಲ್ಲಗೆ ಓಡಿಸುತ್ತಿದ್ದರೆ, ಫಸ್ಟಿನಿಂದ ಲಿವರ್ ಎಳೆದಾಗ ಒಳಗಿನ ತಡೆಯೊಂದು ಅದನ್ನು ಸೀದಾ ನಾಲ್ಕನೇ ಗೇರಿಗೆ ತಳ್ಳುತ್ತಿತ್ತು. ಪೆಟ್ರೋಲ್ ಪರೀಕ್ಷೆಯಲ್ಲಿ ಮೈಲೇಜು ಚೆನ್ನಾಗಿ ಕಾಣಲಿ ಅಂತ! ಕೊಂಡವರು ಮೊದಲು ಕೇಳುತ್ತಿದ್ದದ್ದೇ, ಇದನ್ನು ತೆಗೆಯೋದು ಹೇಗೆ?

ಜಪಾನಿನ ಮಿತ್ಸುಬಿಷಿ 1978ರಲ್ಲಿ ತಂದ ಪುಟ್ಟ ಮಿರಾಜ್ ಕಾರಿನಲ್ಲಿ ಎರಡೆರಡು ಗೇರ್ ಲಿವರ್. ಒಂದರಲ್ಲಿ ನಾಲ್ಕು ಗೇರು. ಇನ್ನೊಂದರಲ್ಲಿ ‘ಪವರ್’, ‘ಇಕಾನಮಿ’ ಎಂಬ ಎರಡು. ಗುಣಿಸಿದರೆ ಮುಂದಕ್ಕೆ ಎಂಟು, ಹಿಂದಕ್ಕೆ ಎರಡು! ಇದು ಶೋಕಿಗೆ ಹುಟ್ಟಿದ್ದಲ್ಲ. ಎಂಜಿನ್ ಅಡ್ಡ ಕೂರಿಸಿದಾಗ ಚಕ್ರ ಉಲ್ಟಾ ತಿರುಗುವ ಸಮಸ್ಯೆ ಬಂತು. ದಿಕ್ಕು ಸರಿಪಡಿಸಲು ಹೇಗೂ ಒಂದು ಹೆಚ್ಚುವರಿ ಶಾಫ್ಟು ಹಾಕಬೇಕಿತ್ತು. ಹಾಕುವುದೇ ಆದರೆ ಅದಕ್ಕೂ ಎರಡು ರೇಶಿಯೋ ಇರಲಿ ಎಂದರು. ಎಂಥ ಜಾಣ ಜಿಪುಣತನ!

ಟಾಪ್ ಗೇರಿನಲ್ಲೇ ಟಾಪ್ ಸ್ಪೀಡು ಎಂದುಕೊಂಡಿದ್ದರೆ ಪೋರ್ಷೆ ಕೇಳಿ ನಗುತ್ತದೆ. 2011ರಲ್ಲಿ ಹೊರಬಂದ ಏಳು ಗೇರಿನ ಪೋರ್ಷೆ 911 ಗರಿಷ್ಠ ವೇಗ ಮುಟ್ಟುವುದು ಆರನೇ ಗೇರಿನಲ್ಲಿ! ಏಳನೆಯದು ಇರುವುದು ಹೈವೇಯಲ್ಲಿ ಎಂಜಿನ್ ನಿಧಾನವಾಗಿ ತಿರುಗಿ ಪೆಟ್ರೋಲ್ ಉಳಿಸಲಿಕ್ಕೆ. ಅಷ್ಟು ಉದ್ದದ ಗೇರಿನಲ್ಲಿ ಗಾಳಿಯನ್ನು ಸೀಳುವಷ್ಟು ಎಳೆತ ಉಳಿಯುವುದಿಲ್ಲ. ನಮ್ಮ ಐದು ಗೇರಿನ ಕಾರುಗಳಲ್ಲೂ ಓವರ್‌ಟೇಕ್ ಮಾಡುವಾಗ ಟಾಪಿನಲ್ಲೇ ಆಕ್ಸಲರೇಟರ್ ತುಳಿದು ‘ಹೋಗ್ತಾನೇ ಇಲ್ವಲ್ಲ’ ಅನ್ನುವವರು ಒಂದು ಗೇರು ಇಳಿಸಿ ನೋಡಲಿ!

ಆಟೋಮ್ಯಾಟಿಕ್ ಗೇರು ಯುದ್ಧಕ್ಕೂ ಹೋಗಿ ಬಂದಿದೆ! ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ಮೊದಲು ಬಂದದ್ದು 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ. ಯುದ್ಧ ಶುರುವಾದಾಗ ಅದನ್ನೇ ಎಂ5 ಸ್ಟುವರ್ಟ್ ಟ್ಯಾಂಕಿಗೆ ಹಾಕಿದರು. ಒಂದೊಂದು ಟ್ಯಾಂಕಿಗೆ ಎರಡೆರಡು ಕ್ಯಾಡಿಲ್ಯಾಕ್ ಎಂಜಿನ್, ಎರಡೆರಡು ಗೇರ್‌ಬಾಕ್ಸ್! ಆಮೇಲೆ ಅದೇ ಗೇರ್‌ಬಾಕ್ಸನ್ನು ರೋಲ್ಸ್ ರಾಯ್ಸ್ ಕೂಡ ತನ್ನ ಕಾರುಗಳಿಗೆ ಹಾಕಿಕೊಂಡಿತು!

ಇಂದು ಎಲ್ಲರ ಬಾಯಲ್ಲಿರುವ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಹೊಸದೇ? ಅದರ ಕಲ್ಪನೆ ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರ್‌ನದು. ಅದೂ 1939ರ ಸುಮಾರಿಗೆ! ರಷ್ಯದ ಕೊನೆಯ ಚಕ್ರವರ್ತಿಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದವರೂ ಇವರೇ. ಒಂದು ಕ್ಲಚ್ಚಿಗೆ 1, 3, 5, ಇನ್ನೊಂದಕ್ಕೆ 2, 4, 6. ನೀವು ಮೂರರಲ್ಲಿರುವಾಗಲೇ ನಾಲ್ಕು ತಯಾರಾಗಿ ಕಾದಿರುತ್ತದೆ. ಮಾರಾಟದ ಕಾರಿಗೆ ಅದನ್ನು ಫೋಕ್ಸ್‌ವ್ಯಾಗನ್ ತರುವ ಹೊತ್ತಿಗೆ 2003 ಬಂದಿತ್ತು!

2014ರಲ್ಲಿ ಮಾರುತಿ ಸೆಲೆರಿಯೋ ನಮ್ಮ ದೇಶಕ್ಕೆ ಅಗ್ಗದ ಆಟೋಮ್ಯಾಟಿಕ್ ತಂದಿತಲ್ಲ, ಅದರೊಳಗೆ ಇರುವುದು ಹೊಸ ಗೇರ್‌ಬಾಕ್ಸೇ ಅಲ್ಲ! ಅದೇ ಮ್ಯಾನ್ಯುಯಲ್, ಅದೇ ಕ್ಲಚ್. ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಗೇರು ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆಯೇ? ಯಂತ್ರ ಕ್ಲಚ್ ಒತ್ತಿತು ಎಂದು ತಿಳಿಯಿರಿ!

1993ರಲ್ಲಿ ವಿಲಿಯಮ್ಸ್ ತಂಡ ಫಾರ್ಮುಲಾ ಒನ್ ಕಾರಿಗೇ ಬೆಲ್ಟಿನ ಗೇರ್‌ಬಾಕ್ಸ್ ಹಾಕಿತು! ಡೇವಿಡ್ ಕೌಲ್ಟಾರ್ಡ್ ಓಡಿಸಿ ನೋಡಿದರು. ಎಂಜಿನ್ ಒಂದೇ ಶ್ರುತಿಯಲ್ಲಿ ಕಿರುಚುತ್ತಿತ್ತು, ಕಾರು ಮಾತ್ರ ವೇಗವಾಗುತ್ತಲೇ ಹೋಗುತ್ತಿತ್ತು. ಒಂದೇ ಒಂದು ರೇಸಿಗೂ ಅದು ಇಳಿಯಲಿಲ್ಲ. ಮರು ವರ್ಷಕ್ಕೆ ನಿಷೇಧ!

ಅದೇ ಫಾರ್ಮುಲಾ ಒನ್‌ನಲ್ಲಿ ಮೊದಲು ಪ್ರತಿ ಟ್ರ್ಯಾಕಿಗೂ ರೇಶಿಯೋ ಬದಲಿಸಿ ಕೂರಿಸುತ್ತಿದ್ದರು. 2014ರಿಂದ ಅದಕ್ಕೆ ಬೀಗ. ಎಂಟು ರೇಶಿಯೋಗಳನ್ನು ಸೀಸನ್ ಶುರುವಾಗುವ ಮುಂಚೆಯೇ ಹೇಳಿಬಿಡಬೇಕು. ಮೊನಾಕೋದ ಸಂದುಗೊಂದಿಗೂ ಅದೇ ಹಲ್ಲು, ಮೊಂಜಾದ ನೀಟ ರಸ್ತೆಗೂ ಅದೇ ಹಲ್ಲು!

ಹಲ್ಲುಗಳ ಸಂಖ್ಯೆ ಬದಲಾಗದೆ ರೇಶಿಯೋ ಬದಲಾಗಬಹುದೇ? ಆಗುತ್ತದೆ! 1997ರಲ್ಲಿ ಬಂದ ಟೊಯೋಟಾ ಪ್ರಿಯಸ್‌ನಲ್ಲಿ ಒಂದೇ ಒಂದು ಗ್ರಹಚಕ್ರದ ಗೇರ್ ಸೆಟ್ಟು. ನಡುವೆ 30 ಹಲ್ಲಿನ ಸೂರ್ಯ, ಸುತ್ತ 78 ಹಲ್ಲಿನ ಬಳೆ, ಮಧ್ಯೆ 23 ಹಲ್ಲಿನ ಗ್ರಹಗಳು. ಎಂಜಿನ್ನಿನ ಬಲದಲ್ಲಿ 72 ಪಾಲು ಬಳೆಗೆ, 28 ಪಾಲು ಸೂರ್ಯನಿಗೆ. ಸೂರ್ಯನಿಗೆ ಕಟ್ಟಿದ ವಿದ್ಯುತ್ ಮೋಟಾರಿನ ವೇಗ ಏರಿಸಿ ಇಳಿಸಿದರೆ ಸಾಕು, ಎಂಜಿನ್ ಮತ್ತು ಚಕ್ರದ ಲೆಕ್ಕ ಬೇಕಾದ ಹಾಗೆ ಬದಲಾಗುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಓಡುವುದೂ ಇದೇ ತತ್ವದ ಮೇಲೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಮಾಡುವ ಮ್ಯಾನ್ಯುಯಲ್ ಗೇರ್‌ಬಾಕ್ಸುಗಳು ಹಡಗು ಹತ್ತಿ ವಿದೇಶಕ್ಕೂ ಹೋಗುತ್ತವೆ!

ಮಳೆಗಾಲಕ್ಕೊಂದು. ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿ ಗಿರಗಿರ ಸುತ್ತುತ್ತಿದೆ, ಇನ್ನೊಂದು ಗಟ್ಟಿ ನೆಲದಲ್ಲಿ ಅಲುಗದೆ ನಿಂತಿದೆ. ಮೀಟರ್ 60 ತೋರಿಸಿದರೆ ಸುತ್ತುವ ಚಕ್ರದ ವೇಗ ಎಷ್ಟು? 120! ನಿಂತ ಚಕ್ರದ ಪಾಲನ್ನೂ, ಎರಡು ಚಕ್ರಗಳ ನಡುವೆ ಸುತ್ತು ಹಂಚುವ ಡಿಫರೆನ್ಷಿಯಲ್ ಅದಕ್ಕೇ ಕೊಟ್ಟುಬಿಡುತ್ತದೆ. ಹುಮ್ಮಸ್ಸಿನಲ್ಲಿ ಆಕ್ಸಲರೇಟರ್ ತುಳಿಯುತ್ತಾ ಹೋದರೆ ಟೈರು ಸಿಡಿಯಬಹುದು, ಹುಷಾರು!

ವಿದ್ಯುತ್ ಕಾರಿಗೆ ಗೇರ್‌ಬಾಕ್ಸೇ ಬೇಡ ಯಾಕೆ? ಪೆಟ್ರೋಲ್ ಎಂಜಿನ್ ನಿಂತಲ್ಲಿ ಬಲ ಕೊಡಲಾರದು, ಆರಿಹೋಗುತ್ತದೆ. ಮೋಟಾರಿಗೆ ನಿಂತಲ್ಲೇ ಪೂರ್ತಿ ಬಲ! 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕಾರು ಕ್ಲಚ್ಚಿಲ್ಲದೆ, ಗೇರು ಬದಲಿಸದೆ ಓಡಿತು. ಜಿ-ವಿಜ್ ಎಂಬ ಹೆಸರಲ್ಲಿ ಲಂಡನ್ ಬೀದಿಗಳಲ್ಲೂ ಓಡಿತು! ಟೆಸ್ಲಾ ತನ್ನ ಮೊದಲ ರೋಡ್‌ಸ್ಟರ್‌ಗೆ ಎರಡು ಗೇರು ಹಾಕಲು ಹೋಗಿ ಅವು ಬಾಳಿಕೆ ಬರದೆ ಒಂದಕ್ಕೇ ಸಮಾಧಾನಪಟ್ಟಿತು. ಅದರ ಮೊದಮೊದಲ ಮಾಡೆಲ್ ಎಸ್‌ನಲ್ಲಿ ಹೊರಟಲ್ಲಿಂದ ಗರಿಷ್ಠ ವೇಗದವರೆಗೂ ಇದ್ದದ್ದು ಒಂದೇ ರೇಶಿಯೋ, 9.73!

ಪೆಟ್ರೋಲ್ ಎಂಜಿನ್ ಇಟ್ಟುಕೊಂಡೂ ಗೇರ್‌ಬಾಕ್ಸ್ ಬಿಸಾಡಿದ ಭಂಡರಿದ್ದಾರೆ. ಸ್ವೀಡನ್ನಿನ ಕೊನಿಗ್‌ಸೆಗ್ ರೆಗೆರಾ! ಎಂಟು ಸಿಲಿಂಡರಿನ ಎಂಜಿನ್, ಒಂದೇ ರೇಶಿಯೋ. ಅಂದರೆ ಬೇರೆ ಕಾರುಗಳ ಟಾಪ್ ಗೇರಿನಲ್ಲೇ ಹೊರಟು ಟಾಪ್ ಗೇರಿನಲ್ಲೇ 400 ಕಿ.ಮೀ. ದಾಟಿದ ಹಾಗೆ! ಹೊರಡುವಾಗಿನ ದಮ್ಮು ವಿದ್ಯುತ್ ಮೋಟಾರುಗಳದ್ದು.

ಅಮೆರಿಕದ ಟಾಪ್ ಫ್ಯೂಯಲ್ ಡ್ರ್ಯಾಗ್‌ಸ್ಟರ್‌ಗಳಿಗೆ ಆ ಮೋಟಾರೂ ಇಲ್ಲ. ಮುಂದಕ್ಕೆ ಗೇರೇ ಇಲ್ಲ, ಆಕ್ಸಲ್‌ನ 3.20 ಒಂದೇ. ಕ್ಲಚ್ ಪ್ಲೇಟುಗಳು ಜಾರುತ್ತಾ, ಕೆಂಪಗೆ ಕಾಯುತ್ತಾ ಗೇರಿನ ಕೆಲಸ ಮಾಡುತ್ತವೆ. 305 ಮೀಟರ್ ಓಟ, ನಾಲ್ಕು ಸೆಕೆಂಡಿನೊಳಗೆ ಮುಗಿಯಿತು. ವೇಗ 500 ಕಿ.ಮೀ. ಮೇಲೆ! ಮುಂದಿನ ಓಟಕ್ಕೆ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಬೇಕು.

ವಿದ್ಯುತ್ ಮೋಟಾರಿನ ಕಾರಿಗೆ ರಿವರ್ಸ್ ಗೇರೂ ಬೇಡ, ಮೋಟಾರನ್ನೇ ಉಲ್ಟಾ ತಿರುಗಿಸಿದರೆ ಮುಗಿಯಿತು. ಮಾಮೂಲಿ ಕಾರುಗಳಲ್ಲಿ ಸಾಫ್ಟ್‌ವೇರ್ ಕಡಿವಾಣ ಹಾಕಿರುತ್ತದೆ. ಆ ಕಡಿವಾಣ ಬಿಚ್ಚಿದರೆ? 2001ರಲ್ಲಿ ಹಿಮ್ಮುಖ ಓಟದ ದಾಖಲೆ ಬರೆದ ಕ್ಯಾಟರ್‌ಹ್ಯಾಮ್ ಕಾರಿನ ವೇಗ 165 ಕಿ.ಮೀ. ಅದನ್ನು 2023ರ ನವೆಂಬರ್‌ನಲ್ಲಿ ಜರ್ಮನಿಯ ಟ್ರ್ಯಾಕಿನ ಮೇಲೆ ಕ್ರೊಯೇಷಿಯಾದ ವಿದ್ಯುತ್ ಕಾರು ರಿಮಾಕ್ ನೆವೆರಾ ಮುರಿಯಿತು. ಎಷ್ಟಕ್ಕೆ ಗೊತ್ತೇ? ಹಿಂದಕ್ಕೆ, ಗಂಟೆಗೆ 275.74 ಕಿ.ಮೀ!